ಕಾಲಿ-ಪೀಲಿ ಎಂಬ ನಮ್ಮೂರ ಗುರುತು



ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ಸಿನಿಮಾ ತೆರೆಯ ಮೇಲೆ ಯಾವುದೋ ಊರಿನ ರಸ್ತೆ ಕಾಣುತ್ತದೆ. ಊರಿನ ಹೆಸರು ಬರೆದಿಲ್ಲ. ಸಮುದ್ರವಿಲ್ಲ, ಗೇಟ್‌ವೇ ಕೂಡ ಇಲ್ಲ. ಅದು ಮುಂಬಯಿ ಎಂದು ನಿಮಗೆ ಹೇಗೆ ಗೊತ್ತಾಗುತ್ತದೆ? ಕಪ್ಪು ಮೈ, ಹಳದಿ ತಲೆಯ ಟ್ಯಾಕ್ಸಿಯೊಂದು ಅಡ್ಡ ಹಾದರೆ ಸಾಕು, ಅಲ್ಲವೇ?

ಮೋಟಾರು ಕಾರು ಒಂದು ಊರಿನ ಕಲೆಯನ್ನು ರೂಪಿಸಿದ್ದಕ್ಕೆ ಎಲ್ಲರೂ ಕೊಡುವ ಉದಾಹರಣೆ ಅಮೆರಿಕದ ಡೆಟ್ರಾಯಿಟ್. ಮೆಕ್ಸಿಕೋದ ಚಿತ್ರಕಾರ ಡಿಯೆಗೋ ರಿವೇರಾ 1932-33ರಲ್ಲಿ ಅಲ್ಲಿನ ಕಲಾ ಸಂಗ್ರಹಾಲಯದ ಗೋಡೆಗಳ ಮೇಲೆ ಫೋರ್ಡ್ ಕಾರ್ಖಾನೆಯ ಯಂತ್ರಗಳನ್ನೂ ಕಾರ್ಮಿಕರನ್ನೂ ಚಿತ್ರಿಸಿದ. 'ಮೋಟೌನ್' ಎಂಬ ಪ್ರಸಿದ್ಧ ಸಂಗೀತ ಕಂಪನಿಯ ಹೆಸರು 'ಮೋಟರ್ ಟೌನ್' ಎಂಬುದರ ಮೊಟಕು ರೂಪ. ಅಲ್ಲಿ ಕಲೆ ಹುಟ್ಟಿದ್ದು ಕಾರು ತಯಾರಿಸಿದ ಜನರಿಂದ. ನಮ್ಮ ಮುಂಬಯಿಯ ಕಥೆ ಸ್ವಲ್ಪ ಬೇರೆ. ಇಲ್ಲಿ ಅದು ಹುಟ್ಟಿದ್ದು ಕಾರನ್ನು ಬಾಡಿಗೆಗೆ ಓಡಿಸಿದವರಿಂದ ಮತ್ತು ಬಾಡಿಗೆ ಕೊಟ್ಟು ಕೂತವರಿಂದ.

ಹಾಗೆಂದು ಇಲ್ಲಿ ಕಾರು ತಯಾರಾಗುತ್ತಲೇ ಇರಲಿಲ್ಲ ಎಂದುಕೊಳ್ಳಬೇಡಿ. ವಾಲಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯ ಕಾರ್ಖಾನೆ ಇದ್ದದ್ದು ನಮ್ಮ ಕುರ್ಲಾದಲ್ಲೇ. ಇಟಲಿಯ ಫಿಯಟ್ 1100 ಮಾದರಿ ಇಲ್ಲಿ ತಯಾರಾಗಿ, 1970ರ ದಶಕದಲ್ಲಿ 'ಪ್ರೀಮಿಯರ್ ಪದ್ಮಿನಿ' ಎಂಬ ಹೆಸರು ಪಡೆಯಿತು. ಹೆಸರು ಏನೇ ಇರಲಿ, ಜನರ ಬಾಯಲ್ಲಿ ಅದು ಕೊನೆಯವರೆಗೂ 'ಫಿಯಟ್'!

ನಾನು 2009ರ ಜೂನ್‌ನಲ್ಲಿ ಕುಂದಾಪುರದಿಂದ ಮತ್ಸ್ಯಗಂಧಾ ರೈಲು ಹತ್ತಿ ಬಂದು ಇಳಿದದ್ದು ಅದೇ ಕುರ್ಲಾದಲ್ಲಿ. ಕೈಯಲ್ಲಿ ಬಿಎ ಸರ್ಟಿಫಿಕೇಟು, ಜೊತೆಗೆ ಒಂದು ಟ್ರಂಕು, ಒಂದು ಗೋಣಿ ತೆಂಗಿನಕಾಯಿ. ಸೋದರಮಾವ ಟ್ಯಾಕ್ಸಿ ಮಾಡಿದರು. ಸಾಮಾನು ಮೇಲಿನ ಕ್ಯಾರಿಯರ್ ಏರಿತು. ಒಳಗೆ ಕೂತು ತಲೆ ಎತ್ತಿದರೆ ಮಾಡಿನ ತುಂಬ ಕೆಂಪು ಹೂಗಳ ರೆಕ್ಸಿನ್! ಗೇರು ಸ್ಟೇರಿಂಗಿನ ಪಕ್ಕದಲ್ಲಿ, ಮೀಟರು ಗಾಡಿಯ ಹೊರಗೆ. ಇಳಿಯುವಾಗ ಮೀಟರಿನಲ್ಲಿ ಒಂದು ಅಂಕಿ, ಡ್ರೈವರ್ ಕೇಳಿದ್ದು ಇನ್ನೊಂದು. ನಾನು ಜಗಳಕ್ಕೆ ನಿಂತೆ. ಮಾವ ನಕ್ಕು ದರದ ಕಾರ್ಡು ತೋರಿಸಿದರು. ಮೀಟರ್ ಹಳೆಯ ದರದ್ದು, ಕಾರ್ಡು ನೋಡಿ ಇಂದಿನ ಲೆಕ್ಕ ಮಾಡಬೇಕು ಎಂಬುದು ಮುಂಬಯಿ ನನಗೆ ಕಲಿಸಿದ ಮೊದಲ ಪಾಠ.

ಆ ಹೂವಿನ ರೆಕ್ಸಿನ್ ಅಲ್ಲಿಗೆ ಬಂದದ್ದು ಹೇಗೆ? ಕಂಪನಿ ಹಾಕಿದ್ದಲ್ಲ, ಗಾಡಿಯವನೇ ಹಾಕಿಸಿದ್ದು. ಒಂದೇ ಗಾಡಿಯನ್ನು ಹತ್ತು-ಹದಿನೈದು ವರ್ಷ ಓಡಿಸುವವನಿಗೆ, ದಿನದ ಹೆಚ್ಚಿನ ಹೊತ್ತನ್ನು ಅದರಲ್ಲೇ ಕಳೆಯುವವನಿಗೆ ಅದು ಮನೆಯೇ. ಇರುವ ಖೋಲಿಯಲ್ಲಿ ನಾಲ್ಕು ಜನ ಮಲಗಬೇಕಾದಾಗ, ತನ್ನದೆಂದು ಅಲಂಕರಿಸಲು ಸಿಗುವ ಜಾಗ ಇದೊಂದೇ. ಡ್ಯಾಶ್‌ಬೋರ್ಡಿನ ಮೇಲೆ ಗಣಪತಿಯೋ, ಸಾಯಿಬಾಬಾನೋ, ಹಾಜಿ ಅಲಿಯ ಚಿತ್ರವೋ. ಹಿಂದಿನ ಗಾಜಿನ ಮೇಲೆ ರೇಡಿಯಂ ಸ್ಟಿಕರಿನಲ್ಲಿ ಮಗಳ ಹೆಸರು. ದಸರಾ ದಿನ ಬಾನೆಟ್ಟಿಗೆ ಚೆಂಡುಹೂವಿನ ಮಾಲೆ. ನಾವು ಊರಲ್ಲಿ ಮಾಡುವ ಆಯುಧಪೂಜೆಯೇ ಇಲ್ಲಿ ರಸ್ತೆಬದಿಯಲ್ಲಿ ನಡೆಯುತ್ತದೆ.

ಇನ್ನು ಸಿನಿಮಾ. 1954ರಲ್ಲಿ ಚೇತನ್ ಆನಂದ್ ನಿರ್ದೇಶನದ 'ಟ್ಯಾಕ್ಸಿ ಡ್ರೈವರ್' ಚಿತ್ರದಲ್ಲಿ ದೇವ್ ಆನಂದ್ ಟ್ಯಾಕ್ಸಿ ಓಡಿಸಿದ. 1978ರ ಮುಜಫ್ಫರ್ ಅಲಿಯವರ 'ಗಮನ್'ನಲ್ಲಿ ಉತ್ತರ ಪ್ರದೇಶದ ಹಳ್ಳಿ ಬಿಟ್ಟು ಬಂದ ಫಾರೂಕ್ ಶೇಖ್ ಇಲ್ಲಿ ಟ್ಯಾಕ್ಸಿ ಹಿಡಿಯುತ್ತಾನೆ. 2006ರಲ್ಲಿ ನಾನಾ ಪಾಟೇಕರ್ ಅವರ 'ಟ್ಯಾಕ್ಸಿ ನಂ. 9211' ಬಂತು. ಚಿತ್ರಗಳವರಿಗೆ ಟ್ಯಾಕ್ಸಿ ಯಾಕಷ್ಟು ಇಷ್ಟ? ಹಿಂದಿನ ಸೀಟಿನಲ್ಲಿ ಸೇಠ್‌ಜೀಯೂ ಕೂರಬಹುದು, ಕೊನೆಯ ಲೋಕಲ್ ತಪ್ಪಿಸಿಕೊಂಡು ನಾಲ್ಕು ಜನ ದುಡ್ಡು ಸೇರಿಸಿದ ಹೋಟೆಲ್ ಹುಡುಗರೂ ಕೂರಬಹುದು. ಸ್ವಂತ ಕಾರು ಒಂದು ಮನೆಯ ಕಥೆ ಹೇಳೀತು, ಟ್ಯಾಕ್ಸಿ ಇಡೀ ಊರಿನ ಕಥೆ ಹೇಳುತ್ತದೆ.

ಕಲಾವಿದರೂ ಹಿಂದೆ ಬೀಳಲಿಲ್ಲ. 2015ರಲ್ಲಿ ಶುರುವಾದ 'ಟ್ಯಾಕ್ಸಿ ಫ್ಯಾಬ್ರಿಕ್' ಯೋಜನೆಯಲ್ಲಿ ಯುವ ವಿನ್ಯಾಸಕಾರರು ಟ್ಯಾಕ್ಸಿಯ ಸೀಟು, ಮಾಡುಗಳ ಬಟ್ಟೆಯ ಮೇಲೆ ಮುಂಬಯಿಯ ಬದುಕನ್ನು ಚಿತ್ರಿಸಿದರು. ಅಂಥದೊಂದು ಟ್ಯಾಕ್ಸಿ 2016ರಲ್ಲಿ ಬ್ರಿಟನ್ನಿನ ಕೋಲ್ಡ್‌ಪ್ಲೇ ತಂಡದ ಹಾಡಿನ ವಿಡಿಯೋದಲ್ಲಿ ಕಾಣಿಸಿ ಲೋಕಪ್ರಸಿದ್ಧವಾಯಿತು. ಅಂದ ಹಾಗೆ, ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ರೆಕ್ಕೆ ಬಿಚ್ಚಿ ನಿಂತ ಡಬಲ್ ಡೆಕರ್ ಬಸ್ಸಿನ ಶಿಲ್ಪ ನೋಡಿದ್ದೀರಾ? ಅದನ್ನು ಮಾಡಿದವರು ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಸುದರ್ಶನ್ ಶೆಟ್ಟಿ. ನಮ್ಮವರು!

ನಮ್ಮವರು ಎಂದಾಗ ಶಂಕರ್‌ನಾಗ್ ನೆನಪಾಗದೆ ಇರುತ್ತಾರೆಯೇ? ಕನ್ನಡ ಚಿತ್ರರಂಗಕ್ಕೆ ಹೋಗುವ ಮುನ್ನ ಅವರು ಇದೇ ಮುಂಬಯಿಯಲ್ಲಿ ಬ್ಯಾಂಕ್ ನೌಕರಿಯ ಜೊತೆ ಮರಾಠಿ ರಂಗಭೂಮಿಯಲ್ಲಿ ದುಡಿದವರು. 1980ರ 'ಆಟೋ ರಾಜ' ಚಿತ್ರದ ಬಳಿಕ ಕರ್ನಾಟಕದ ರಿಕ್ಷಾ ಚಾಲಕರು ಅವರನ್ನು ತಮ್ಮವನೆಂದೇ ಸ್ವೀಕರಿಸಿದರು. 1990ರಲ್ಲಿ ಅವರು ತೀರಿಕೊಂಡರೂ ಇಂದಿಗೂ ಬೆಂಗಳೂರಿನ ರಿಕ್ಷಾಗಳ ಬೆನ್ನ ಮೇಲೆ ಅವರ ನಗುಮುಖವಿದೆ, ಪಕ್ಕದಲ್ಲಿ ಕೆಂಪು-ಹಳದಿ ಬಾವುಟವಿದೆ. ನಮ್ಮ ಉಪನಗರದ ರಿಕ್ಷಾ ಬಾಂದ್ರಾ, ಸಾಯನ್ ದಾಟಿ ಪೇಟೆಗೆ ಬರುವಂತಿಲ್ಲ, ಹಾಗಾಗಿ ಇಲ್ಲಿ ಊರಿನ ಮುಖವಾದದ್ದು ಟ್ಯಾಕ್ಸಿ. ಬೆಂಗಳೂರಿನಲ್ಲಿ ಆ ಪಟ್ಟ ರಿಕ್ಷಾಕ್ಕೆ ಸಿಕ್ಕಿತು. ಎರಡೂ ಕಡೆ ಸೂತ್ರ ಒಂದೇ: ಗಾಡಿಯಿಂದ ಹೊಟ್ಟೆ ಹೊರೆಯುವವನು ಅದರ ಮೇಲೆ ತನ್ನ ಪ್ರೀತಿಯನ್ನು ಬರೆಯುತ್ತಾನೆ, ದಿನವೂ ಅದನ್ನು ನೋಡುವ ಜನ ಅದನ್ನೇ ತಮ್ಮ ಊರಿನ ಗುರುತೆಂದು ಒಪ್ಪಿಕೊಳ್ಳುತ್ತಾರೆ.

ಆದರೆ ಗಾಡಿಗೂ ಆಯುಸ್ಸು ಇದೆಯಲ್ಲ. ಮುಂಬಯಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ತಾರ್‌ದೇವ್ ಆರ್‌ಟಿಓದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಹೀಗಾಗಿ 2023ರ ಅಕ್ಟೋಬರ್ ಕೊನೆಗೆ ಆ ಯುಗ ಮುಗಿಯಿತು. ಅದಕ್ಕೂ ಒಂದೂವರೆ ತಿಂಗಳ ಹಿಂದೆ ಬೆಸ್ಟ್‌ನ ಹಳೆಯ ಡೀಸೆಲ್ ಡಬಲ್ ಡೆಕರ್ ಕೂಡ ನಿವೃತ್ತಿ ಹೊಂದಿತ್ತು. ಕಾಲಿ-ಪೀಲಿ ಬಣ್ಣ ಈಗಲೂ ಬೇರೆ ಕಾರುಗಳ ಮೇಲೆ ಓಡುತ್ತಿದೆ. ಆದರೆ ಮೊಬೈಲಿನಲ್ಲಿ ಕರೆಸಿದ ಬಿಳಿ ಕಾರಿನಲ್ಲಿ ನಾವು ನೋಡುವುದು ನಂಬರನ್ನು ಮಾತ್ರ. ಗಾಡಿಯವನ ಮಗಳ ಹೆಸರು ಅಲ್ಲಿ ಓದಲು ಸಿಗುವುದಿಲ್ಲ.

ನಮ್ಮ ಚಾಳಿನಲ್ಲಿ ಕುಂದಾಪುರ ಕಡೆಯ ಹಿರಿಯರೊಬ್ಬರಿದ್ದಾರೆ. ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದವರು. ಗಾಡಿಯ ರೇಡಿಯೋದಲ್ಲಿ ನಮ್ಮ ಕನ್ನಡ ಕಾರ್ಯಕ್ರಮ ಹಚ್ಚಿ, ಭಾಷೆ ಬಾರದ ಪ್ಯಾಸೆಂಜರಿಗೂ ಕೇಳಿಸುತ್ತಿದ್ದರು! ಪದ್ಮಿನಿಯನ್ನು ಗುಜರಿಗೆ ಕೊಡುವಾಗ ಹಳೆಯ ಮೀಟರನ್ನು ಬಿಚ್ಚಿಟ್ಟುಕೊಂಡರು. ಈಗ ಅದು ದೇವರ ಪಟದ ಕೆಳಗಿದೆ. "ಇದನ್ನೂ ಗುಜರಿಗೆ ಹಾಕಬಹುದಿತ್ತಲ್ಲ ಅಣ್ಣಾ?" ಎಂದು ಕೇಳಿದೆ. "ಗಾಡಿ ಹೋಯ್ತ್ ಮಾರಾಯಾ, ಇರ್ಲಿ. ಇದ್ ಮಾತ್ರ ಕೊಡುದಿಲ್ಲ. ಎರಡ್ ಮಕ್ಕಳ್ನ ಓದ್ಸಿದ್ದ್ ಇದೇ" ಎಂದರು.

ಸಂಗ್ರಹಾಲಯದಲ್ಲಿ ಒಂದು ಪದ್ಮಿನಿ ಇಟ್ಟರೆ ಒಳ್ಳೆಯದೇ. ಆದರೆ ಅದರ ಪಕ್ಕ ಇಂಥ ಮಾತೂ ಉಳಿಯಬೇಕು. ನಿಮ್ಮ ಮನೆಯಲ್ಲೂ ಟ್ಯಾಕ್ಸಿ, ರಿಕ್ಷಾ ಓಡಿಸಿದ ಅಪ್ಪನೋ, ಚಿಕ್ಕಪ್ಪನೋ ಇದ್ದರೆ ಇವತ್ತೇ ಕೂರಿಸಿ ಕೇಳಿ. ಗಾಡಿಯ ಮೇಲೆ ಏನು ಬರೆಸಿದ್ದರು, ಯಾಕೆ ಬರೆಸಿದ್ದರು? ಅದನ್ನು ನಮಗೂ ಬರೆದು ಕಳಿಸಿ. ಮುಂದಿನ ಕಾರ್ಯಕ್ರಮಗಳಲ್ಲಿ ಓದುತ್ತೇನೆ.

ಮತ್ತೆ ಸಿಗೋಣ, ಆಕಾಶದ ಅಲೆಗಳ ಮೇಲೆ!