ಸ್ಪೀಕರ್ ಪೆಟ್ಟಿಗೆ ವೀಣೆಯಲ್ಲ

ಹಳೇ ಸ್ಪೀಕರಿನ ಊಫರ್, ಟ್ವೀಟರ್ ಚೆನ್ನಾಗಿಯೇ ಇರುತ್ತವೆ, ಪೆಟ್ಟಿಗೆ ಮಾತ್ರ ಸೋತಿರುತ್ತದೆ. ನೆಲ ಒರೆಸುವ ನೀರು ತಾಗಿ ಪಾರ್ಟಿಕಲ್ ಬೋರ್ಡಿನ ಬುಡ ಉಬ್ಬಿದೆ, ಮರದ ಹಾಗೆ ಕಾಣುವ ಹಾಳೆ ಮೂಲೆಯಲ್ಲಿ ಸುಲಿದಿದೆ. ಹೊಸ ಪೆಟ್ಟಿಗೆ ಮಾಡಿಸೋಣ ಅಂದರೆ ಸಾಕು, ಕೇಳಿದವರು ಕೇಳದವರು ಎಲ್ಲರೂ ಹೇಳುವ ಮಾತು ಒಂದೇ: ‘ಮಾಡಿಸೋದಾದರೆ ತೇಗದಲ್ಲೇ ಮಾಡಿಸಿ, ನಾದ ಬರುತ್ತೆ.’

ಈ ನಂಬಿಕೆ ಬಂದದ್ದು ವಾದ್ಯಗಳಿಂದ. ವೀಣೆಗೂ ಮೃದಂಗಕ್ಕೂ ಹಲಸಿನ ಮರವೇ ಬೇಕು ಅಂತ ಕೇಳುತ್ತಾ ಬೆಳೆದವರು ನಾವು. ಅಲ್ಲಿ ಅದು ಸರಿ. ವೀಣೆಯ ತಂತಿಯೊಂದೇ ಅಲುಗಿಸುವ ಗಾಳಿ ತೀರಾ ಕಡಿಮೆ. ಮರದ ಒಡಲು ಜೊತೆಗೆ ಕಂಪಿಸಿದರೇನೇ ಸಭೆಗೆ ಕೇಳುವುದು. ಸ್ಪೀಕರಿನಲ್ಲಿ ಗಾಳಿ ಅಲುಗಿಸುವ ಕೆಲಸ ಕೋನಿನದು. ವೀಣೆಯ ಮರದ ನಾದ ರೆಕಾರ್ಡಿಂಗಿನಲ್ಲೇ ಸೇರಿಕೊಂಡು ಬಂದಿರುತ್ತದೆ. ಅದರ ಮೇಲೆ ಪೆಟ್ಟಿಗೆಯೂ ತನ್ನದೊಂದಿಷ್ಟು ಸೇರಿಸಿದರೆ ಅದು ಕಲಬೆರಕೆ. ಸ್ಪೀಕರ್ ಪೆಟ್ಟಿಗೆಯ ಮರ ಬಾಯಿ ಮುಚ್ಚಿಕೊಂಡಿರಬೇಕು.

ಗಟ್ಟಿಮರಕ್ಕೆ ಇನ್ನೊಂದು ತೊಂದರೆ ಇದೆ. ತೇವ ಹೀರಿದಾಗ ಅದು ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಮಂಗಳೂರಿನ ಆಷಾಢದಲ್ಲಿ ಬಿಗಿಯಾಗಿದ್ದ ಜೋಡಣೆ ಬಳ್ಳಾರಿಯ ಬೇಸಿಗೆಯಲ್ಲಿ ಬಾಯಿ ಬಿಟ್ಟರೆ ಆ ಸಂದಿಯಿಂದ ಗಾಳಿ ಸೋರುತ್ತದೆ. ಎಂಡಿಎಫ್ ಹಾಗಲ್ಲ. ಘನಮೀಟರಿಗೆ ಸುಮಾರು 700–750 ಕಿಲೋ ತೂಗುವ, ಎಲ್ಲ ಕಡೆಯೂ ಒಂದೇ ಸಮ ಇರುವ ಹಲಗೆ. ನೀರೆಂದರೆ ಮಾತ್ರ ಅದಕ್ಕಾಗದು, ಕೊಯ್ದ ಅಂಚುಗಳಿಗೆ ಸೀಲರ್ ಬಳಿಯಲೇಬೇಕು. ಕರಾವಳಿಯ ಮನೆಗಾದರೆ ನಾನು ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ಡನ್ನೇ ಆರಿಸುತ್ತೇನೆ. ಅಂಗಡಿಯಲ್ಲಿ ಹಲಗೆಯನ್ನು ಎತ್ತಿ ನಿಲ್ಲಿಸಿ ಬೆರಳ ಗೆಣ್ಣಿನಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ; ಒಂದು ಕಡೆ ಸದ್ದು ಟೊಳ್ಳಾಗಿ ಕೇಳಿದರೆ ಒಳಪದರದಲ್ಲಿ ಖಾಲಿ ಜಾಗವಿದೆ ಅಂತ ಅರ್ಥ. ಬೇಸ್ ಬಂದಾಗ ಗುಂಯ್‌ಗುಡುವುದು ಅಲ್ಲಿಯೇ. ತೇಗದ ಅಂದ ಬೇಕೇ ಬೇಕು ಅನ್ನುವವರಿಗೆ ವೆನೀರ್, ಅಂದರೆ ತೇಗದ ತೆಳು ಹಾಳೆ ಇದೆ. ಹಲಗೆಯ ಎರಡೂ ಮೈಗೆ ಅಂಟಿಸಿ. ಒಂದೇ ಮೈಗೆ ಅಂಟಿಸಿದರೆ ಹಲಗೆ ಬಾಗುತ್ತದೆ.

‘ಹಾಗಾದರೆ ದಪ್ಪ ಹಲಗೆ ಹಾಕಿ, ಅಲುಗಾಡೋದೇ ಇಲ್ಲ’ ಅನ್ನುವುದು ಮುಂದಿನ ಸಲಹೆ. ಅರ್ಧ ನಿಜ. ಹೊರಗಿನಿಂದ 35 ಸೆಂ.ಮೀ. ಎತ್ತರ, 20 ಅಗಲ, 25 ಆಳದ ಪೆಟ್ಟಿಗೆ ಅಂದುಕೊಳ್ಳಿ. 12 ಮಿ.ಮೀ. ಹಲಗೆಯಲ್ಲಿ ಮಾಡಿದರೆ ಒಳಗೆ ಸುಮಾರು 13 ಲೀಟರ್ ಜಾಗ, 18 ಮಿ.ಮೀ. ಆದರೆ 11, 25 ಮಿ.ಮೀ. ಆದರೆ 9 ಲೀಟರ್. ಹೊರಗಿನ ಅಳತೆ ಕೊಟ್ಟು ‘ಸ್ವಲ್ಪ ದಪ್ಪಗೆ ಮಾಡಿ’ ಅಂತ ಬಡಗಿಗೆ ಹೇಳಿದವರು ಗೊತ್ತಿಲ್ಲದೆಯೇ ಸ್ಪೀಕರನ್ನೇ ಬದಲಿಸಿರುತ್ತಾರೆ. ಅಳೆಯಬೇಕಾದ್ದು ಹಳೇ ಪೆಟ್ಟಿಗೆಯ ಒಳಮೈ. ಹೊಸದಾಗಿ ಹಾಕುವ ಅಡ್ಡಪಟ್ಟಿಗಳು ನುಂಗುವ ಜಾಗವನ್ನೂ ಅಷ್ಟೇ ಸೇರಿಸಿ ಕೊಡಬೇಕು. ಅಂದ ಹಾಗೆ ಗಟ್ಟಿತನಕ್ಕೆ ದಪ್ಪಕ್ಕಿಂತ ಅಗ್ಗದ ದಾರಿ ಈ ಅಡ್ಡಪಟ್ಟಿಯೇ. ದೊಡ್ಡ ಹಲಗೆಯನ್ನು ನಡುವೆ ಹಿಡಿದು ಕಟ್ಟಿದರೆ ಅದರ ಕಂಪನ ಎಷ್ಟೋ ಮೇಲಿನ ಆವರ್ತನಕ್ಕೆ ಏರುತ್ತದೆ. ಬಿಬಿಸಿಯ ಎಂಜಿನಿಯರುಗಳು ದಪ್ಪದ ಹಾದಿಯನ್ನೇ ಹಿಡಿಯಲಿಲ್ಲ. ತೆಳು ಪ್ಲೈವುಡ್ಡಿಗೆ ಒಳಗಿನಿಂದ ಕಂಪನ ಹೀರುವ ಹೊದಿಕೆ ಅಂಟಿಸುವ ಕ್ರಮದ ಬಗ್ಗೆ 1977ರಲ್ಲಿ ವರದಿಯನ್ನೇ ಬರೆದರು. ಇಂದಿಗೂ ಹೆಸರುವಾಸಿಯಾದ ಅವರ ಪುಟ್ಟ ಎಲ್‌ಎಸ್3/5ಎ ಸ್ಪೀಕರಿನ ಗೋಡೆ ಸುಮಾರು 12 ಮಿ.ಮೀ. ಬರ್ಚ್ ಪ್ಲೈವುಡ್ಡಿನದು.

ಎಲ್ಲಕ್ಕಿಂತ ಆಳವಾಗಿ ಬೇರೂರಿರುವ ನಂಬಿಕೆ ‘ಪೆಟ್ಟಿಗೆ ದೊಡ್ಡದಾದಷ್ಟೂ ಬೇಸ್ ಜಾಸ್ತಿ’ ಅನ್ನುವುದು. ಪೆಟ್ಟಿಗೆ ಯಾಕೆ ಬೇಕು ಅನ್ನುವುದನ್ನು ಮೊದಲು ನೋಡೋಣ. ಕೋನ್ ಮುಂದೆ ಹೋದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಹಿಂದಿನದು ಸಡಿಲವಾಗುತ್ತದೆ. ಪೆಟ್ಟಿಗೆ ಇಲ್ಲದಿದ್ದರೆ ತಗ್ಗು ಸ್ವರದ ಅಲೆಗಳು ಅಂಚು ಸುತ್ತಿ ಬಂದು ಒಂದನ್ನೊಂದು ಕಳೆದುಹಾಕುತ್ತವೆ. (ಅಜ್ಜನ ಕಾಲದ ವಾಲ್ವ್ ರೇಡಿಯೊದ ಬೆನ್ನು ತೂತುತೂತಿನ ರಟ್ಟಾಗಿತ್ತಲ್ಲ ಅಂತ ಕೆಲವರು ವಾದಿಸುತ್ತಾರೆ. ಅದು ವಾಲ್ವುಗಳ ಬಿಸಿ ಹೊರಹೋಗಲು, ಬೇಸಿಗಾಗಿ ಅಲ್ಲ.) ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಒಳಗಿನ ಗಾಳಿಯೇ ಕೋನಿಗೆ ಸ್ಪ್ರಿಂಗ್. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಎಆರ್-1 ಸ್ಪೀಕರನ್ನು ಮಾಡಿದ್ದು ಇದನ್ನೇ ನಂಬಿ. ಆ ಕಾಲದ ಬೀರುವಿನಂಥ ಪೆಟ್ಟಿಗೆಗಳ ಎದುರು ಪುಸ್ತಕದ ಕಪಾಟಿನಲ್ಲಿ ಕೂರುವ ಡಬ್ಬ ಅದು. ಬೇಸಿನಲ್ಲಿ ಅವುಗಳಿಗೆ ಸೋಲಲಿಲ್ಲ.

ಆಮೇಲೆ ಆಸ್ಟ್ರೇಲಿಯದಲ್ಲಿ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 70ರ ದಶಕದ ಆರಂಭದಲ್ಲಿ ಇದನ್ನೆಲ್ಲ ಲೆಕ್ಕಕ್ಕೆ ತಂದರು. ಅವರ ಲೆಕ್ಕದಲ್ಲೇ ಒಂದು ಉದಾಹರಣೆ: ಎಫ್‌ಎಸ್ (ಊಫರು ತಾನಾಗಿ ಕಂಪಿಸುವ ಆವರ್ತನ) 40 ಹರ್ಟ್ಸ್, ಕ್ಯೂಟಿಎಸ್ (ಆ ಕಂಪನ ಎಷ್ಟು ಬೇಗ ತಣಿಯುತ್ತದೆ ಅನ್ನುವ ಅಳತೆ) 0.4, ವಿಎಎಸ್ (ಕೋನಿನ ಹಿಡಿತದಷ್ಟೇ ಸ್ಪ್ರಿಂಗ್ ಕೊಡುವ ಗಾಳಿಯ ಪ್ರಮಾಣ) 40 ಲೀಟರ್ ಇರುವ ಊಫರು. ಅದನ್ನು 20 ಲೀಟರಿನ ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿ, ನಾಲ್ಕು ಪಟ್ಟು ದೊಡ್ಡದಾದ 80 ಲೀಟರಿನದರಲ್ಲೂ ಕೂರಿಸಿ. 60 ಹರ್ಟ್ಸ್‌ನಲ್ಲಿ ಎರಡಕ್ಕೂ ಏನೇನೂ ವ್ಯತ್ಯಾಸವಿಲ್ಲ. 80 ಹರ್ಟ್ಸ್‌ನಲ್ಲಿ ದೊಡ್ಡ ಪೆಟ್ಟಿಗೆಯದೇ ತುಸು ಕಡಿಮೆ. ಲಾಭ ಸಿಗುವುದು 60ರ ಕೆಳಗೆ, ಅದೂ 40 ಹರ್ಟ್ಸ್‌ನಲ್ಲಿ ಬರೀ 2 ಡೆಸಿಬೆಲ್. ಅಷ್ಟಕ್ಕಾಗಿ ಹಾಲ್‌ನಲ್ಲಿ ಇನ್ನೊಂದು ಬೀರು ಇಟ್ಟುಕೊಳ್ಳಬೇಕೇ ಅನ್ನುವುದು ನಿಮಗೆ ಬಿಟ್ಟದ್ದು.

ಕೊಳವೆ ಇರುವ, ಅಂದರೆ ಪೋರ್ಟ್ ಇರುವ ಪೆಟ್ಟಿಗೆಯಲ್ಲಿ ತಪ್ಪಿಗೆ ಬೆಲೆ ಇನ್ನೂ ಹೆಚ್ಚು. ಕೊಳವೆಯ ಗಾಳಿಯೂ ಪೆಟ್ಟಿಗೆಯ ಗಾಳಿಯೂ ಸೇರಿ ಒಂದು ನಿರ್ದಿಷ್ಟ ಆವರ್ತನಕ್ಕೆ ಶ್ರುತಿಗೊಂಡಿರುತ್ತವೆ. ಕೊಳವೆ ಹಾಗೆಯೇ ಇದ್ದು ಪೆಟ್ಟಿಗೆ ಒಂದೂವರೆ ಪಟ್ಟಾದರೆ 50 ಹರ್ಟ್ಸ್‌ನ ಶ್ರುತಿ 41ಕ್ಕೆ ಇಳಿಯುತ್ತದೆ, ಊಫರಿಗೆ ಅದು ಹೊಂದುವುದಿಲ್ಲ. ಶ್ರುತಿಗಿಂತ ಕೆಳಗೆ ಕೋನಿಗೆ ಗಾಳಿಯ ಹಿಡಿತವೇ ಇರುವುದಿಲ್ಲ. ವಾಲ್ಯೂಮ್ ಏರಿಸಿದರೆ ಹುಚ್ಚೆದ್ದು ಕುಣಿದು ಕಾಯಿಲ್ ಕೆಡುತ್ತದೆ. ಮುಚ್ಚಿದ ಪೆಟ್ಟಿಗೆಗೆ ‘ಒಂದು ತೂತು ಕೊರೆದರೆ ಬೇಸ್ ಬರುತ್ತೆ’ ಅನ್ನುವ ಸಲಹೆಯ ಹಣೆಬರಹವೂ ಇದೇ.

ಮುಂದಿನ ಮುಖದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ‘ಲೀಟರ್ ಸರಿಯಾಗಿದೆಯಲ್ಲ, ಅಗಲ ಹೆಚ್ಚಿಸಿ ಆಳ ಕಡಿಮೆ ಮಾಡಿದರೇನು?’ ಟಿವಿ ಸ್ಟ್ಯಾಂಡಿಗೆ ಹೊಂದಿಸುವ ಆಸೆಯಲ್ಲಿ ಬಹಳ ಜನ ಇದನ್ನೇ ಮಾಡುತ್ತಾರೆ. ಮೇಲಿನ ಸ್ವರಗಳನ್ನು ಮುಂದಿನ ಹಲಗೆ ಕೇಳುಗರತ್ತ ತಳ್ಳುತ್ತದೆ. ತಗ್ಗು ಸ್ವರಗಳು ಪೆಟ್ಟಿಗೆಯನ್ನು ಸುತ್ತಿ ಹಿಂದಕ್ಕೂ ಹರಡುತ್ತವೆ. ಈ ಬದಲಾವಣೆ 20 ಸೆಂ.ಮೀ. ಅಗಲದ ಮುಖಕ್ಕೆ ಸರಿಸುಮಾರು 575 ಹರ್ಟ್ಸ್‌ನ ಆಸುಪಾಸಿನಲ್ಲಿ ಆಗುತ್ತದೆ, 30 ಸೆಂ.ಮೀ.ಗೆ 380ರ ಹತ್ತಿರ. ಹಾಡುವವರ ದನಿ ಇರುವ ಜಾಗವೇ ಅದು. ಊಫರಿಗೂ ಟ್ವೀಟರಿಗೂ ಸ್ವರ ಹಂಚುವ, ಒಳಗಿನ ಕ್ರಾಸ್‌ಓವರಿನ ಕಾಯಿಲ್, ಕೆಪಾಸಿಟರುಗಳನ್ನು ಹಳೇ ಮುಖಕ್ಕೆ ಲೆಕ್ಕ ಹಾಕಿ ಕೂರಿಸಿರುತ್ತಾರೆ. ಹಾಗಾಗಿ ಮುಖದ ಅಗಲ, ಊಫರಿಗೂ ಟ್ವೀಟರಿಗೂ ನಡುವಿನ ದೂರ, ಅಂಚಿನಿಂದ ಅವುಗಳ ದೂರ ಇವೆಲ್ಲ ಹಳೆಯದರಲ್ಲಿ ಇದ್ದಂತೆಯೇ ಇರಲಿ. ಬದಲಿಸಲೇಬೇಕಾದರೆ ಆಳ ಬದಲಿಸಿ, ಎತ್ತರ ಒಂದಿಷ್ಟು ಬದಲಿಸಿ.

ಪೆಟ್ಟಿಗೆಯೊಳಗೆ ಹತ್ತಿ ತುಂಬಿದಷ್ಟೂ ಒಳ್ಳೆಯದು ಅನ್ನುವುದೂ ಸುಳ್ಳು. ಹಳೆಯದರಲ್ಲಿ ಇದ್ದದ್ದನ್ನು ಅಷ್ಟೇ ಪ್ರಮಾಣದಲ್ಲಿ, ಅದೇ ಜಾಗಕ್ಕೆ ಹಾಕಿ. ಪೋರ್ಟಿನ ಬಾಯಿ ಮಾತ್ರ ಖಾಲಿ ಇರಬೇಕು.

ಇಷ್ಟೆಲ್ಲ ಮಾಡಿಯೂ ಕೆಲವೊಮ್ಮೆ ಮೊದಲ ಹಾಡಿನಲ್ಲೇ ಬೇಸ್ ಮಾಯವಾಗಿರುತ್ತದೆ, ಬೈಗುಳ ಬಡಗಿಗೆ. ಪೆಟ್ಟಿಗೆ ಒಡೆಯುವ ಮೊದಲು ಎರಡು ಪರೀಕ್ಷೆ ಮಾಡಿ. ಮುಚ್ಚಿದ ಪೆಟ್ಟಿಗೆಯಾದರೆ ಊಫರಿನ ಕೋನನ್ನು ಎರಡೂ ಕಡೆ ಬೆರಳಿಟ್ಟು ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ನಿಧಾನವಾಗಿ ಹೊರಬಂದರೆ ಸರಿ. ತಟ್ಟನೆ ಚಿಮ್ಮಿದರೆ ಎಲ್ಲೋ ಗಾಳಿ ಸೋರುತ್ತಿದೆ, ಹೆಚ್ಚಾಗಿ ವೈರು ಹೊರಬರುವ ತೂತಿನಲ್ಲಿ ಅಥವಾ ಊಫರಿನ ಕೆಳಗೆ ಗ್ಯಾಸ್ಕೆಟ್ ಹಾಕದ ಕಡೆ. ಇನ್ನೊಂದು ಪರೀಕ್ಷೆ, ವೈರು ಅದಲುಬದಲಾಗಿದೆಯೇ ಅನ್ನುವುದು. ಊಫರಿನ ವೈರು ಬಿಚ್ಚಿ, ಅದರ ಎರಡು ಟರ್ಮಿನಲ್ಲುಗಳಿಗೆ 1.5 ವೋಲ್ಟಿನ ಸೆಲ್ಲನ್ನು ಒಂದು ಕ್ಷಣ ತಾಗಿಸಿ. ಎರಡೂ ಕಡೆ ಒಂದೇ ಬಣ್ಣದ ವೈರು ಇದ್ದ ಟರ್ಮಿನಲ್ಲಿಗೆ ಸೆಲ್ಲಿನ ಪ್ಲಸ್ ತಾಗಿಸಿದಾಗ ಎಡಗಡೆಯ ಕೋನ್ ಹೊರಕ್ಕೆ ಬಂದರೆ ಬಲಗಡೆಯದೂ ಹೊರಕ್ಕೇ ಬರಬೇಕು. ಟ್ವೀಟರಿಗೆ ಮಾತ್ರ ಸೆಲ್ ತಾಗಿಸಬೇಡಿ.