ಹಳೆ ಕಂಪ್ಯೂಟರ್ ತಡೆದು ನಿಲ್ಲುವುದೆಲ್ಲಿ

ಭಾಲ್ಕಿ ತಾಲ್ಲೂಕಿನ ಭಾತಂಬ್ರಾದಂಥ ಊರಿನಲ್ಲಿ ಕಂಪ್ಯೂಟರ್ ಅಷ್ಟು ಸುಲಭಕ್ಕೆ ಮೂಲೆ ಸೇರುವುದಿಲ್ಲ. ಪಹಣಿ, ಬೆಳೆ ವಿಮೆ, ವಿದ್ಯಾರ್ಥಿವೇತನದ ಅರ್ಜಿ, ಮದುವೆ ಕಾರ್ಡು ಎಲ್ಲಕ್ಕೂ ಹತ್ತು ವರ್ಷ ಹಳೆಯ ಯಂತ್ರವೇ ದುಡಿಯುತ್ತಿರುತ್ತದೆ. ಅದು ನಿಧಾನವಾಯಿತೆಂದರೆ ಭಾಲ್ಕಿಗೋ ಬೀದರ್‌ಗೋ ಒಯ್ದು, "ಭಾಳ ಹ್ಯಾಂಗ್ ಹೊಡಿಲತ್ತದ್ರಿ, ಫಾರ್ಮ್ಯಾಟ್ ಮಾಡಿ ಕೊಡ್ರಿ" ಅನ್ನುವುದು ರೂಢಿ. ನನ್ನ ಮಟ್ಟಿಗೆ ಫಾರ್ಮ್ಯಾಟ್ ಕೊನೆಯ ಮದ್ದು. ಯಂತ್ರ ತಡೆದು ನಿಲ್ಲುತ್ತಿರುವುದು ಎಲ್ಲಿ ಎಂಬುದನ್ನು ಮೊದಲು ನೋಡಬೇಕು.

ಬಹುಪಾಲು ಹಳೆ ಯಂತ್ರಗಳಲ್ಲಿ ಪ್ರೊಸೆಸರ್ ಸೋತಿರುವುದಿಲ್ಲ, ಹಾರ್ಡ್ ಡಿಸ್ಕ್‌ಗಾಗಿ ಕಾಯುತ್ತಿರುತ್ತದೆ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ ಸಾಮಾನ್ಯವಾಗಿ 5400 ಸುತ್ತು ತಿರುಗುತ್ತದೆ. ಬೇಕಾದ ಮಾಹಿತಿ ಓದುವ ತಲೆಯ ಕೆಳಗೆ ಬರಲೆಂದೇ ಸರಾಸರಿ 5.6 ಮಿಲಿಸೆಕೆಂಡ್ ಕಾಯಬೇಕು. ತಲೆ ಆ ಜಾಗಕ್ಕೆ ಸರಿಯುವ ಹೊತ್ತು ಬೇರೆ. ಎಲ್ಲ ಸೇರಿ 10 ಮಿಲಿಸೆಕೆಂಡ್ ದಾಟುತ್ತದೆ. ರ‍್ಯಾಮ್‌ನಿಂದ ಅದೇ ಮಾಹಿತಿ ಸುಮಾರು 100 ನ್ಯಾನೋಸೆಕೆಂಡಿನಲ್ಲಿ ಸಿಗುತ್ತದೆ. ರ‍್ಯಾಮ್‌ನ ಆ ಹೊತ್ತನ್ನು ಒಂದು ಸೆಕೆಂಡ್ ಎಂದು ಹಿಗ್ಗಿಸಿದರೆ ಹಾರ್ಡ್ ಡಿಸ್ಕಿನದು ಸುಮಾರು 28 ಗಂಟೆ! ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿಯದು 17 ನಿಮಿಷದ ಆಸುಪಾಸು.

4 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಬ್ರೌಸರಿನ ಹತ್ತು ಕಿಟಕಿ ತೆರೆದರೆ ರ‍್ಯಾಮ್ ತುಂಬುತ್ತದೆ. ಆಗ ವಿಂಡೋಸ್ ಸದ್ಯ ಬೇಡದ ಭಾಗವನ್ನು ಡಿಸ್ಕಿನ ಪೇಜ್ ಫೈಲ್‌ಗೆ ಸರಿಸಿ, ಬೇಕಾದಾಗ ಮತ್ತೆ ತರುತ್ತದೆ. ಹ್ಯಾಂಗ್ ಅನ್ನುವುದು ಹೆಚ್ಚಾಗಿ ಈ ಓಡಾಟವೇ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ: ಡಿಸ್ಕ್ 100 ಪರ್ಸೆಂಟ್, ಪ್ರೊಸೆಸರ್ 15 ಪರ್ಸೆಂಟ್ ಎಂದು ತೋರಿಸಿದರೆ ರೋಗ ಸಿಕ್ಕಿತು. ಕಂಪ್ಯೂಟರ್ ಆನ್ ಆದೊಡನೆ ತಾವಾಗಿಯೇ ಶುರುವಾಗುವ ತಂತ್ರಾಂಶಗಳನ್ನು ಅಲ್ಲೇ ನಿಲ್ಲಿಸಬಹುದು. ಇದಕ್ಕೆ ಕಾಸೂ ಬೇಕಿಲ್ಲ.

ಹಾಗಾದರೆ ಫೈಲ್ ಅಳಿಸಿ ಜಾಗ ಮಾಡಿದರೆ ಏನು ಲಾಭ? ಸಿ ಡ್ರೈವ್ ಅರ್ಧ ಖಾಲಿ ಇದ್ದಾಗ ಇನ್ನಷ್ಟು ಖಾಲಿ ಮಾಡಿದರೆ ವೇಗವೇನೂ ಹೆಚ್ಚದು. ಪೂರ್ತಿ ತುಂಬಿದ್ದರೆ ಮಾತು ಬೇರೆ. ಪೇಜ್ ಫೈಲ್ ಬೆಳೆಯಲು ಜಾಗವಿರದು, ಹೊಸ ಫೈಲುಗಳು ತುಂಡುತುಂಡಾಗಿ ಚದುರುತ್ತವೆ, ಅಪ್‌ಡೇಟ್ ಅರ್ಧಕ್ಕೇ ನಿಲ್ಲುತ್ತದೆ. ಎಸ್‌ಎಸ್‌ಡಿಗೂ ಖಾಲಿ ಜಾಗ ಬೇಕು. ಅದು ಬರೆಯುವುದು ಸಣ್ಣ ಪುಟಗಳಲ್ಲಿ, ಅಳಿಸುವುದು ಹಲವು ಪುಟಗಳ ದೊಡ್ಡ ಬ್ಲಾಕಿನಲ್ಲಿ. ಜಾಗ ಸಾಲದಾದರೆ ಒಂದು ಬ್ಲಾಕ್ ತೆರವು ಮಾಡಲು ಉಪಯೋಗದ ಪುಟಗಳನ್ನೂ ಎತ್ತಿ ಬೇರೆಡೆ ಬರೆಯಬೇಕಾಗುತ್ತದೆ.

ಡಿಸ್ಕ್ ಕ್ಲೀನಪ್ ನಡೆಸಿದರೆ ತಾತ್ಕಾಲಿಕ ಫೈಲುಗಳು, ಹಳೆ ಅಪ್‌ಡೇಟಿನ ಉಳಿಕೆ, ರಿಸೈಕಲ್ ಬಿನ್ ಖಾಲಿಯಾಗುತ್ತವೆ. ಅರ್ಜಿ ತುಂಬಿಕೊಡುವ ಅಂಗಡಿಗಳ ಯಂತ್ರಗಳಲ್ಲಿ ಡೌನ್‌ಲೋಡ್ಸ್ ಫೋಲ್ಡರನ್ನೂ ನೋಡಿ. ಊರವರ ಆಧಾರ್, ಪಾಸ್‌ಬುಕ್ ಪ್ರತಿಗಳು ವರ್ಷಗಟ್ಟಲೆ ಅಲ್ಲಿ ಬಿದ್ದಿರುವುದುಂಟು. ಜಾಗಕ್ಕಿಂತ ಹೆಚ್ಚಾಗಿ, ನಂಬಿ ಕೊಟ್ಟವರ ಸಲುವಾಗಿ ಅವನ್ನು ತೆಗೆಯಬೇಕು.

ಆದರೆ ನುಡಿ, ಬರಹ ತಂತ್ರಾಂಶಗಳ ಹಳೆಯ ಫೈಲುಗಳ ವಿಷಯದಲ್ಲಿ ಜೋಪಾನ. ಯೂನಿಕೋಡ್‌ಗೆ ಮುಂಚಿನ ಪದ್ಧತಿಯಲ್ಲಿ ಟೈಪ್ ಮಾಡಿದ ಕಡತದಲ್ಲಿ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಫಾರ್ಮ್ಯಾಟ್ ಆಗಿ ಫಾಂಟ್ ಹೋಯಿತೆಂದರೆ ಸಂಘದ ನಡಾವಳಿ, ಶಾಲೆಯ ಪ್ರಶ್ನೆಪತ್ರಿಕೆ ಎಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಫೈಲ್ ಕೆಟ್ಟಿತೆಂದು ಅಳಿಸಬೇಡಿ. ಅದೇ ಫಾಂಟ್ ಮತ್ತೆ ಹಾಕಿದರೆ ಬರಹ ಮರಳುತ್ತದೆ; ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿಕೊಂಡರೆ ಫೋನಿನಲ್ಲೂ ಓದಬಹುದು.

ಏಪ್ರಿಲ್–ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಫ್ಯಾನಿನಲ್ಲಿ ಧೂಳು ಕಟ್ಟಿದ್ದರೆ ಪ್ರೊಸೆಸರ್ ಸುಡದಿರಲೆಂದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಬೇಸಿಗೆಯಲ್ಲಷ್ಟೇ ನಿಧಾನವಾಗುವ ಯಂತ್ರಕ್ಕೆ ಬೇಕಿರುವುದು ಧೂಳು ತೆಗೆಯುವ ಕೆಲಸ.

ದುಡ್ಡು ಹಾಕುವುದಾದರೆ ಮೊದಲು ಎಸ್‌ಎಸ್‌ಡಿ, ಆಮೇಲೆ 8 ಜಿಬಿವರೆಗೆ ರ‍್ಯಾಮ್. ಹತ್ತು ವರ್ಷದ ಯಂತ್ರಕ್ಕೂ ಇದರಿಂದ ಹೊಸ ಚುರುಕು ಬರುವುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ವೇಗದಿಂದ ಬಗೆಹರಿಯದ ತೊಡಕು ಒಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿದೆ. ವಿಂಡೋಸ್ 11 ಟಿಪಿಎಂ 2.0 ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್‌ನಲ್ಲಾದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಮತ್ತು ಅದರ ನಂತರದ ಪ್ರೊಸೆಸರ್‌ಗಳನ್ನಷ್ಟೇ ಒಪ್ಪುತ್ತದೆ. ಬೆರಳ ಗುರುತು ಓದುವ ಯಂತ್ರಗಳ ತಂತ್ರಾಂಶ ಹೆಚ್ಚಾಗಿ ವಿಂಡೋಸ್, ಆಂಡ್ರಾಯ್ಡ್‌ಗೇ ಬರುವುದರಿಂದ ಸೇವಾ ಕೇಂದ್ರಗಳಿಗೆ ವಿಂಡೋಸ್ ಬಿಡುವುದು ಕಷ್ಟ. ಮನೆಯ, ಶಾಲೆಯ ಯಂತ್ರಕ್ಕೆ ಆ ಕಟ್ಟಿಲ್ಲ. ಲಿನಕ್ಸ್ ಮಿಂಟ್‌ನ ಹಗುರ ಆವೃತ್ತಿಯನ್ನು ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದು; ಅದು ಉಚಿತ, ಭದ್ರತಾ ಅಪ್‌ಡೇಟುಗಳೂ ಬರುತ್ತವೆ. ನುಡಿಯಲ್ಲಿ ಬೆರಳು ಪಳಗಿದವರಿಗೆ ಅದೇ ಕೀಲಿಮಣೆ ವಿನ್ಯಾಸ ಅಲ್ಲಿಯೂ ಸಿಗುತ್ತದೆ.