ಹಳ್ಳಿಯ ನ್ಯಾಯವೂ ಸುಟ್ಟುಹೋದ ಟಿಪ್ಪಣಿಗಳೂ

ಕಳೆದ ಬೇಸಗೆಯಲ್ಲಿ ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯ ಗ್ರಾಮವೊಂದಕ್ಕೆ ಕಾರ್ಯನಿಮಿತ್ತವಾಗಿ ಹೋಗಿದ್ದಾಗ, ಅಲ್ಲಿನ ಅರಳಿಕಟ್ಟೆಯ ಮೇಲೆ ಅಣ್ಣತಮ್ಮಂದಿರಿಬ್ಬರ ಬದುವಿನ ನ್ಯಾಯವು ಸೇರಿದ್ದುದನ್ನು ನೋಡುವ ಸಂದರ್ಭವು ನಮಗೆ ಒದಗಿತು. ಎರಡು ಗಂಟೆಗಳ ಕಾಲ ಬದುವಿನ ಮಾತೇ ಬರಲಿಲ್ಲ. ತಂದೆಯ ತಿಥಿಯ ಖರ್ಚನ್ನು ಯಾರು ಹೊತ್ತರು, ತಂಗಿಯ ಮದುವೆಯಲ್ಲಿ ಯಾರನ್ನು ಯಾರು ಊಟಕ್ಕೆ ಎಬ್ಬಿಸಲಿಲ್ಲ, ಹಿಂದೊಮ್ಮೆ ಇದೇ ಕಟ್ಟೆಯ ಮೇಲೆ ಇನ್ನೊಂದು ಮನೆಯವರ ಭಾಗದಲ್ಲಿ ಹಿರಿಯರು ಏನು ಹೇಳಿದ್ದರು, ಇವೇ ಚರ್ಚೆಯಾದವು. ಕಡೆಗೆ ಯಜಮಾನರೊಬ್ಬರು ಕಿರಿಯನನ್ನು ಕುರಿತು, “ಮೊದಲು ನಿಮ್ಮತ್ತಿಗೇನ ಮಾತಾಡ್ಸಪ್ಪ, ಬದು ಎಲ್ಲಿಗೂ ಓಡೋಗಾಕಿಲ್ಲ” ಎಂದರು. ಮಂಡ್ಯದ ನ್ಯಾಯಾಲಯದ ರೀತಿಯನ್ನು ಕಂಡ ನಮಗೆ ಇದು ಕಾಲಹರಣವೆಂದೇ ತೋರಿತ್ತು. ಮನೆಗೆ ಮರಳಿದ ಮೇಲೆ, ಹಿಂದೆ ಓದಿದ ಗ್ರಂಥವೊಂದನ್ನು ಮತ್ತೆ ತೆಗೆದು ನೋಡಿದಾಗ ನಮ್ಮ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು.

ಆ ಗ್ರಂಥದ ಕರ್ತೃಗಳು ಮೈಸೂರಿನಲ್ಲಿ 1916ರಲ್ಲಿ ಜನಿಸಿ, 1999ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಪ್ರೊಫೆಸರ್ ಎಂ. ಎನ್. ಶ್ರೀನಿವಾಸರು. ಮುಂಬಯಿಯಲ್ಲಿ ಘುರ್ಯೆಯವರಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ಅಭ್ಯಾಸ ಮಾಡಿದ ಈ ಮಹನೀಯರು 1948ರಲ್ಲಿ ಬನ್ನೂರಿನ ಕಡೆಯ ಹಳ್ಳಿಯೊಂದರಲ್ಲಿ ಬಂದು ನೆಲೆಸಿದರು. ಗ್ರಂಥದಲ್ಲಿ ಅದಕ್ಕೆ ಅವರಿಟ್ಟ ಹೆಸರು ರಾಮಪುರ. ನಿಜವಾಗಿ ಅದು ಕೊಡಗಹಳ್ಳಿ. ಪಟೇಲರ ಎತ್ತಿನ ಮನೆಯೇ ಅವರ ಬಿಡಾರ. 1952ರಲ್ಲಿ ಮತ್ತೊಮ್ಮೆ ಬಂದರು. ಅಲ್ಲಿ ಬರೆದುಕೊಂಡುದನ್ನು ಹದಿನೆಂಟು ವರ್ಷಗಳ ಕಾಲ ವಿಂಗಡಿಸಿ, ಕ್ರಮಪಡಿಸಿ, ಮೂರು ಪ್ರತಿಗಳನ್ನು ಸಿದ್ಧಮಾಡಿದ್ದರು. ಅಮೆರಿಕೆಯ ಸ್ಟ್ಯಾನ್‌ಫರ್ಡಿನ ಸಂಶೋಧನ ಕೇಂದ್ರದಲ್ಲಿ ಗ್ರಂಥರಚನೆಗೆಂದು ಕುಳಿತಿದ್ದಾಗ, 1970ರ ಏಪ್ರಿಲ್ 24ರಂದು ಕಿಡಿಗೇಡಿಗಳು ಆ ಕಟ್ಟಡಕ್ಕೆ ಬೆಂಕಿಯಿಟ್ಟರು. ಮೂರು ಪ್ರತಿಗಳೂ ಒಂದೇ ಕೊಠಡಿಯಲ್ಲಿದ್ದವು! ಮೂರು ಪ್ರತಿಗಳನ್ನು ಮಾಡುವಷ್ಟು ಎಚ್ಚರಿಕೆಯುಳ್ಳವರು ಅವನ್ನು ಒಂದೇ ಕಡೆ ಇಟ್ಟುದು ವಿಧಿಯಾಟವೇ ಸರಿ. ಸೋಲ್ ಟ್ಯಾಕ್ಸ್ ಎಂಬ ಅಮೆರಿಕನ್ ವಿದ್ವಾಂಸರ ಸೂಚನೆಯಂತೆ, ನೆನಪನ್ನೇ ಮುಖ್ಯ ಆಧಾರವಾಗಿಟ್ಟುಕೊಂಡು ಬರೆದ ಗ್ರಂಥವು 1976ರಲ್ಲಿ ಪ್ರಕಟವಾಗಿ ಲೋಕವಿಖ್ಯಾತವಾಯಿತು.

ಇಂತಹ ವಿದ್ವಾಂಸರು ಹಳ್ಳಿಯ ಜಗಳಗಳನ್ನು ಕ್ಷುಲ್ಲಕವೆಂದು ತಳ್ಳಿಹಾಕಲಿಲ್ಲ. ಅಗಸರ ಕುಲದ ವ್ಯಾಜ್ಯವನ್ನು ಕುರಿತು 1954ರಲ್ಲಿ, ಕುಂಬಾರನಿಗೂ ಪೂಜಾರಿಗೂ ನಡೆದ ವಿವಾದವನ್ನು ಕುರಿತು 1959ರಲ್ಲಿ ಪ್ರತ್ಯೇಕ ಪ್ರಬಂಧಗಳನ್ನೇ ಬರೆದರು. ಜಗಳವೆದ್ದಾಗ ಜನರ ಹಳೆಯ ನೆನಪುಗಳು ಎಚ್ಚರಗೊಳ್ಳುತ್ತವೆ, ಪೂರ್ವದ ತೀರ್ಪುಗಳು ಹೊರಬರುತ್ತವೆ, ಯಾರು ಯಾರ ಪಕ್ಷವೆಂಬುದು ಬಯಲಾಗುತ್ತದೆ ಎಂಬುದು ಅವರ ವಾದದ ಸಾರ. ದುದ್ದ ಹೋಬಳಿಯ ಆ ಕಟ್ಟೆಯ ಮೇಲೆ ನಾವು ಕಂಡುದೂ ಇದನ್ನೇ. ಬದುವು ನೆಪಮಾತ್ರ, ಅಣ್ಣತಮ್ಮಂದಿರ ನಡುವಣ ಇಪ್ಪತ್ತು ವರ್ಷಗಳ ಲೆಕ್ಕವು ಅಲ್ಲಿ ತೀರಬೇಕಾಗಿತ್ತು.

ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. ಮದುವೆಯಲ್ಲಿ ಕೊಡುವುದೂ ಮುಯ್ಯಿ, ಹಗೆಯನ್ನು ತೀರಿಸಿಕೊಳ್ಳುವುದೂ ಮುಯ್ಯಿ, ಗದ್ದೆಯ ಕೆಲಸಕ್ಕೆ ಪ್ರತಿಯಾಗಿ ಬರುವವನು ಮುಯ್ಯಾಳು. ವ್ಯಾಜ್ಯಕ್ಕೂ ನ್ಯಾಯವೆನ್ನುತ್ತೇವೆ, ಅದರ ತೀರ್ಪಿಗೂ ನ್ಯಾಯವೆನ್ನುತ್ತೇವೆ. ಪರಸ್ಪರ ಋಣ, ಮುಖ ಉಳಿಸಿಕೊಳ್ಳುವಿಕೆ, ಸ್ನೇಹ ವೈರಗಳು, ಚಾಡಿ, ಹೊಟ್ಟೆಕಿಚ್ಚು, ಹಾಸ್ಯ ಇವೆಲ್ಲಕ್ಕೂ ಶ್ರೀನಿವಾಸರು ತಮ್ಮ ಗ್ರಂಥದ ಒಂದು ಅಧ್ಯಾಯವನ್ನೇ ಮೀಸಲಿಟ್ಟರು.

ಆದರೆ ಕಟ್ಟೆಯ ನ್ಯಾಯವನ್ನು ಹೊಗಳಿ ಕುಳಿತುಕೊಳ್ಳುವುದು ನಮ್ಮ ಉದ್ದೇಶವಲ್ಲ. ಅದರ ಮೇಲೆ ಕೂರುವ ಹಕ್ಕು ಯಾರಿಗಿತ್ತು? ಹೊಲಗೇರಿಯವರು ದೂರ ನಿಂತು ಕೇಳಬೇಕಾಗಿತ್ತು. ಹೆಂಗಸರ ಮಾತು ಗಂಡಸರ ಬಾಯಿಂದ ಬರಬೇಕಾಗಿತ್ತು. ಪಟೇಲರ ಆಶ್ರಯದಲ್ಲಿದ್ದ ತಮಗೆ ಹರಿಜನರ ಬದುಕು ಬೇಕಾದಷ್ಟು ತಿಳಿಯಲಿಲ್ಲವೆಂದು ಶ್ರೀನಿವಾಸರೇ ಒಪ್ಪಿಕೊಂಡಿದ್ದಾರೆ. ಈ ಪ್ರಾಮಾಣಿಕತೆಯು ಮೆಚ್ಚತಕ್ಕದ್ದು, ಆದರೆ ಆ ಕೊರತೆಯು ತುಂಬಿಲ್ಲ. 1954ರಿಂದ 1956ರವರೆಗೆ ಮಂಡ್ಯದ ಎರಡು ಗ್ರಾಮಗಳಲ್ಲಿ ಅಭ್ಯಾಸ ನಡೆಸಿದ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದುಷಿಯು, ನಾಲೆಯ ನೀರು ಬಂದ ಊರಿಗೂ ಬಾರದ ಊರಿಗೂ ಇರುವ ಭೇದವನ್ನು 1962ರ ತಮ್ಮ ಗ್ರಂಥದಲ್ಲಿ ವಿಶದಪಡಿಸಿದರು. ಅದೂ ಇಂಗ್ಲಿಷಿನಲ್ಲಿಯೇ.

ಕನ್ನಡದಲ್ಲಿ ನಡೆದ ವಾದವನ್ನು ಕನ್ನಡದಲ್ಲಿಯೇ ಬರೆದಿಡುವವರು ಯಾರು? ಶ್ರೀನಿವಾಸರ ಟಿಪ್ಪಣಿಗಳಿಗೆ ಬೆಂಕಿ ಬಿದ್ದುದನ್ನು ಜಗತ್ತು ತಿಳಿಯಿತು. ನಮ್ಮ ಹಳ್ಳಿಗಳ ಮುಚ್ಚಳಿಕೆಗಳೂ ಪಾಲುಪಟ್ಟಿಗಳೂ ಗೆದ್ದಲಿಗೆ ಬಲಿಯಾಗುವುದನ್ನು ಯಾರೂ ತಿಳಿಯರು. ಗ್ರಾಮ ಪಂಚಾಯಿತಿಯ ಕಾರ್ಯದರ್ಶಿಗಳೂ ಶಾಲೆಯ ಉಪಾಧ್ಯಾಯರೂ ಮನಸ್ಸು ಮಾಡಿದರೆ, ಒಂದೊಂದು ಹೋಬಳಿಯಿಂದ ಒಂದೊಂದು ಪೆಟ್ಟಿಗೆಯಷ್ಟಾದರೂ ಉಳಿದೀತು. ಕೇರಿಯ ಮುದುಕರನ್ನೂ ಹೆಂಗಸರನ್ನೂ ಮೊದಲು ಕೇಳಿ ಬರೆದುಕೊಳ್ಳಲಿ. ಅವರ ಪಾಲಿನ ಕಾಗದವೇ ಇಲ್ಲ.

ಅಂದು ಬದುವಿನ ನ್ಯಾಯವು ಮುಗಿದಾಗ ದೀಪ ಹಚ್ಚುವ ಹೊತ್ತಾಗಿತ್ತು. ತೀರ್ಪನ್ನು ಬರೆದುಕೊಂಡಿರಾ ಎಂದು ಯಜಮಾನರನ್ನು ಕೇಳಿದೆವು. ಅವರು ನಕ್ಕು, ಅಲ್ಲಿದ್ದ ಹತ್ತು ವರ್ಷದ ಹುಡುಗನೊಬ್ಬನನ್ನು ತೋರಿಸಿ, “ಇವನು ಕೇಳ್ಕೊಂಡವ್ನಲ್ಲ ಬುದ್ಧಿ” ಎಂದರು. ಹುಡುಗನು ಮರುವರ್ಷವೇ ಓದಿಗೆಂದು ಬೆಂಗಳೂರಿಗೆ ಹೋಗುವವನಿದ್ದನು.